ಬಾರದ ಮಗುವಿನ ಮನೆ ಬಾಗಿಲಿಗೆ ಹೋಗಿ

ಕಾನಹೊಸಹಳ್ಳಿಯ ಸುತ್ತಮುತ್ತಲ ಶಾಲೆಗಳಿಗೆ ಹೊಸದಾಗಿ ಬಂದಿರುವ ತಮ್ಮಂದಿರೇ, ತಂಗಿಯರೇ,

ಸರ್ಕಾರಿ ಶಾಲೆಯ ಮೇಷ್ಟ್ರಾಗಿ ದುಡಿದು ನಿವೃತ್ತನಾದವನು ನಾನು. ಈ ಸೀಮೆಯ ಬಿಸಿಲನ್ನೂ ಬಲ್ಲೆ, ಮಕ್ಕಳನ್ನೂ ಬಲ್ಲೆ. ನೀವು ಡಿ.ಇಎಲ್.ಇಡಿ., ಬಿ.ಇಡಿ. ಮುಗಿಸಿದ್ದೀರಿ. ಟಿಇಟಿ, ಸಿಇಟಿ ಬರೆದು, ದಾಖಲೆ ಪರಿಶೀಲನೆಗೆ ಅಲೆದು, ಆದೇಶಪತ್ರಕ್ಕಾಗಿ ಕಾದು ಕಾದು ಬಂದಿದ್ದೀರಿ. ಪಾಠಯೋಜನೆ ಬರೆಯುವುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೇಳಬೇಕೆನಿಸಿರುವುದು ಬೇರೆ. ಮೊದಲ ಎರಡು ಮೂರು ವರ್ಷಗಳಲ್ಲಿ ಅಂಟಿದ ಅಭ್ಯಾಸ ಮೇಷ್ಟ್ರನ್ನು ನಿವೃತ್ತಿಯವರೆಗೂ ಬಿಡುವುದಿಲ್ಲ. ಹಾಗಾಗಿ ಈಗಲೇ ಒಂದು ಒಳ್ಳೆಯ ಅಭ್ಯಾಸ ಅಂಟಿಸಿಕೊಳ್ಳಿ ಎಂದು ಕೇಳಿಕೊಳ್ಳಲು ಈ ಕಿವಿಮಾತು.

ಮಗು ಶಾಲೆಗೆ ಬರಲಿಲ್ಲ ಅಂದರೆ, ಬಂದೂ ಬಾಯಿ ಬಿಡಲಿಲ್ಲ ಅಂದರೆ, ವರ್ಷಗಟ್ಟಲೆ ಕೂತರೂ ಓದಲು ಬರಲಿಲ್ಲ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಎಷ್ಟೋ ಸಲ ಆ ಕಾರಣ ಶಾಲೆಯ ಕಾಂಪೌಂಡಿನ ಆಚೆ ಇರುತ್ತದೆ. ಅದನ್ನು ಹುಡುಕಿಕೊಂಡು ಹೋಗುವುದೇ ಮೇಷ್ಟರಿಕೆಯ ಮೊದಲ ಪಾಠ. ಉಳಿದೆಲ್ಲ ಪಾಠಗಳು ಅದರ ಹಿಂದೆಯೇ ಬರುತ್ತವೆ.

ಊರಲ್ಲಿ ಇಳಿದುಕೊಳ್ಳಿ

ಕಾನಹೊಸಹಳ್ಳಿ ಇರುವುದು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ. ಬೆಳಿಗ್ಗೆ ಬಸ್ಸಿಳಿದು, ಸಂಜೆ ಬಸ್ಸು ಹತ್ತಿ ದೊಡ್ಡ ಊರಿಗೆ ಮರಳುವುದು ಇಲ್ಲಿ ಸುಲಭ. ಬಹಳ ಜನ ಹಾಗೆಯೇ ಮಾಡುತ್ತಾರೆ. ಮನೆಯಲ್ಲಿ ವಯಸ್ಸಾದವರು, ಓದುವ ಮಕ್ಕಳು ಇದ್ದವರಿಗೆ ಅದು ಅನಿವಾರ್ಯವೂ ಇರಬಹುದು. ಆದರೆ ಇನ್ನೂ ಸಂಸಾರದ ಹೊಣೆ ಬೀಳದ ನೀವು ಮೊದಲ ಒಂದೆರಡು ವರ್ಷವಾದರೂ ಶಾಲೆಯ ಊರಿನಲ್ಲೇ, ಇಲ್ಲವೇ ಹತ್ತಿರದ ಊರಿನಲ್ಲಿ ಬಾಡಿಗೆಗೆ ಇರಿ. ಸಂಜೆ ಹೊತ್ತು ಊರು ಹೇಗಿರುತ್ತದೆ ಎಂದು ನೋಡದವರಿಗೆ ಬೆಳಿಗ್ಗೆ ತರಗತಿಗೆ ಬಂದ ಮಗು ಅರ್ಥವಾಗುವುದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಐದೂ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಹಡಗಲಿ, ಹಗರಿಬೊಮ್ಮನಹಳ್ಳಿಯ ಕೆಲವು ಕಡೆ ತುಂಗಭದ್ರೆಯ ನೀರಿದೆ. ಕೂಡ್ಲಿಗಿ ಕಡೆ ಮಾತ್ರ ಮಳೆಯೇ ದಿಕ್ಕು. ಶೇಂಗಾ, ಜೋಳ, ಮೆಕ್ಕೆಜೋಳ ಬಿತ್ತಿ ಮುಗಿಲು ನೋಡುವ ಜನ. ಊರಿನ ಸುತ್ತ ಹಟ್ಟಿಗಳಿವೆ, ತಾಂಡಾಗಳಿವೆ, ಊರೊಳಗೆ ಕೇರಿಗಳಿವೆ. ನಿಮ್ಮ ತರಗತಿಯ ಒಂದೊಂದು ಬೆಂಚೂ ಒಂದೊಂದು ಕಡೆಯಿಂದ ಬಂದಿರುತ್ತದೆ.

ಮೊದಲ ತಿಂಗಳಲ್ಲಿ ಪ್ರತಿ ಮಗುವಿನ ಹೆಸರು, ಮನೆ, ಮನೆಯಿಂದ ಶಾಲೆಗೆ ಬರುವ ದಾರಿ ಈ ಮೂರನ್ನೂ ತಿಳಿದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಎರಡೂ ಗೊತ್ತಿರಲಿ. ಮನೆಗೆ ಹೋದಾಗ ದೂರು ಹೇಳಲು ಹೋಗಬೇಡಿ. ಮೊದಲ ಸಲ ಹೋದಾಗ ಮಗುವಿನ ಒಂದು ಒಳ್ಳೆಯ ಗುಣ ಹೇಳಿ, ಕೊಟ್ಟ ಚಹಾ ಕುಡಿದು ಬನ್ನಿ. "ನಮ್ ಹುಡುಗನ್ ಬಗ್ಗೆ ಚಲೋ ಮಾತಾಡಾಕ ಮೇಷ್ಟ್ರು ಮನೀಗೆ ಬಂದಿದ್ರು" ಎಂದು ತಾಯಿ ನಾಲ್ಕು ಜನರ ಮುಂದೆ ಹೇಳಿಕೊಂಡರೆ, ಮುಂದೆ ನೀವು ಹೇಳುವ ಕಷ್ಟದ ಮಾತನ್ನೂ ಆ ಮನೆ ಕೇಳುತ್ತದೆ.

ಬಾಯಿ ಬಿಡದ ಮಗು

ಒಂದನೇ ತರಗತಿಯಲ್ಲಿ ತಿಂಗಳಾದರೂ ಮಾತಾಡದ ಮಗುವನ್ನು 'ಮಂದ' ಎಂದು ಬರೆದುಬಿಡುವ ಆತುರ ಬೇಡ. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ. ಅಲ್ಲಿ ನೀರು ಪಾಣಿ, ಅಮ್ಮ ಯಾಡಿ, ರೊಟ್ಟಿ ಬಾಟಿ. ಆಂಧ್ರದ ಗಡಿ ಹತ್ತಿರವಿರುವ ಈ ಕಡೆ ಕೆಲವು ಮನೆಗಳಲ್ಲಿ ತೆಲುಗು ಆಡುತ್ತಾರೆ. ಕನ್ನಡದ ಮನೆಗಳಲ್ಲೂ ಆಡುವುದು 'ಐತಿ', 'ಹೋಗಾಕತ್ತೀನಿ' ಎನ್ನುವ ಕನ್ನಡ. ಪುಸ್ತಕದ ಕನ್ನಡ ಬೇರೆ. ಹಾಗಿರುವಾಗ ಆರು ವರ್ಷದ ಮಗುವಿಗೆ ಅಕ್ಷರವೂ ಹೊಸದು, ಭಾಷೆಯೂ ಹೊಸದು. ಅದು ಸುಮ್ಮನೆ ಕೂತಿದೆ ಅಂದರೆ ಕೇಳಿಸಿಕೊಳ್ಳುತ್ತಿದೆ ಎಂದುಕೊಳ್ಳಿ.

ಹಾಗಾದರೆ ಮಾಡುವುದೇನು? ಮನೆಮಾತಿನ ಒಂದಷ್ಟು ಪದ ನೀವೇ ಕಲಿಯಿರಿ. ಮೂರನೇ, ನಾಲ್ಕನೇ ತರಗತಿಯ ಅದೇ ತಾಂಡಾದ ಅಕ್ಕನನ್ನೋ ಅಣ್ಣನನ್ನೋ ಕರೆದು ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿ, ಆಮೇಲೆ ಅದೇ ಕಥೆಯನ್ನು ಕನ್ನಡದಲ್ಲಿ ನೀವು ಹೇಳಿ. ಮಗು "ನೀರ್ ಕುಡ್ಯಾಕ ಹೋಗ್ಲಿ ಸಾರ್" ಅಂದರೆ ನಗಬೇಡಿ, ತಿದ್ದಲೂ ಬೇಡಿ. ಕಳಿಸಿ. ಆಡುಮಾತಿಗೆ ನಗುವ ಮೇಷ್ಟ್ರ ಮುಂದೆ ಮಗು ಗ್ರಾಂಥಿಕ ಮಾತು ಕಲಿಯುವ ಧೈರ್ಯ ಮಾಡುವುದಿಲ್ಲ.

ಹತ್ತಿರದ ಉದಾಹರಣೆ ಹೇಳುತ್ತೇನೆ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಾಡಿನಲ್ಲಿ ಮೇಷ್ಟ್ರಾಗಿದ್ದವರು. ಈ ಸೀಮೆಯ ಜನರ ಆಡುಮಾತನ್ನೇ ಕಥೆ ಕಾದಂಬರಿಗೆ ತಂದರು. 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮ ಮುಂದೆ ಕೂತ ಮಗು ಮನೆಯಿಂದ ತಂದಿರುವ ಮಾತಿಗೆ ಅಷ್ಟು ಶಕ್ತಿ ಇದೆ. ಅದನ್ನು ಬಾಗಿಲಲ್ಲೇ ತಡೆಯಬೇಡಿ.

ಗೈರುಹಾಜರಿಯ ಲೆಕ್ಕ

ಜೂನ್‌ನಲ್ಲಿ ತುಂಬಿದ ತರಗತಿ ದೀಪಾವಳಿ ಕಳೆಯುತ್ತಲೇ ಬರಿದಾಗುವುದನ್ನು ನೀವು ಮೊದಲ ವರ್ಷವೇ ನೋಡುತ್ತೀರಿ. ಅದು ಗುಳೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕುಟುಂಬಗಳು ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಮುಂಗಡ ತೆಗೆದುಕೊಂಡ ಮೇಲೆ ಹೊರಡಲೇಬೇಕು. ಮಗುವನ್ನು ಎಲ್ಲಿ ಬಿಡುತ್ತಾರೆ? ಜೊತೆಗೇ ಕರೆದೊಯ್ಯುತ್ತಾರೆ. ಅಲ್ಲಿ ಅದು ತಂಗಿಯನ್ನು ಎತ್ತಿಕೊಂಡು ಗುಡಿಸಲು ಕಾಯುತ್ತದೆ.

ಗುಳೆಯನ್ನು ನೀವೊಬ್ಬರೇ ನಿಲ್ಲಿಸಲಾರಿರಿ. ಆದರೆ ಹೊರಡುವ ಮುನ್ನ ನೀವು ಆ ಮನೆಯಲ್ಲಿರಬೇಕು. ಅಜ್ಜಿ, ಚಿಕ್ಕಪ್ಪ ಯಾರಾದರೂ ಊರಲ್ಲಿ ಉಳಿಯುತ್ತಾರೆಯೇ, ಮಗುವನ್ನು ಅವರ ಬಳಿ ಬಿಡಬಹುದೇ ಎಂದು ಕೇಳಿ. ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ನಿಮ್ಮ ತಾಲ್ಲೂಕಿನಲ್ಲಿ ಆ ವರ್ಷ ನಡೆಯುತ್ತಿದೆಯೇ ಎಂದು ಸಿಆರ್‌ಪಿಯನ್ನು ವಿಚಾರಿಸಿ. ಹಾಸ್ಟೆಲಿನಲ್ಲಿ ಸೀಟಿದೆಯೇ ನೋಡಿ. ಯಾವುದೂ ಆಗದಿದ್ದರೆ ಹೋಗುವ ಊರಿನ ಹೆಸರು, ತಂದೆಯ ಫೋನ್ ನಂಬರು ಬರೆದುಕೊಳ್ಳಿ, ಪುಸ್ತಕ ಮಗುವಿನ ಕೈಯಲ್ಲೇ ಕಳಿಸಿ, ಅಲ್ಲಿಯ ಶಾಲೆಯಲ್ಲಿ ಸೇರಿಸಿಕೊಳ್ಳಲು ತೊಡಕಾದರೆ ನಿಮಗೆ ಫೋನ್ ಮಾಡಲು ಹೇಳಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕನ್ನೂ, ಹಿಂದೆ ಬಿದ್ದ ಕಲಿಕೆಗೆ ವಿಶೇಷ ತರಬೇತಿಯನ್ನೂ ಮಗುವಿಗೆ ಕೊಟ್ಟಿದೆ. ಈ ಕಾಯ್ದೆಯನ್ನು ಪರೀಕ್ಷೆಗಾಗಿ ಓದಿದ್ದೀರಿ. ಅದನ್ನು ಬಳಸಬೇಕಾದ ಜಾಗ ಇದು.

ಯುಗಾದಿ ಹೊತ್ತಿಗೆ ಮಗು ಮರಳಿ ಬಂದಾಗ ನಿಮ್ಮ ಮೊದಲ ಮಾತು ಯಾವುದೆಂಬುದು ಬಹಳ ಮುಖ್ಯ. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂಬ ಒಂದು ಮಾತಿಗೆ ಮಗು ಮರುದಿನವೇ ತಪ್ಪಿಸಿಕೊಳ್ಳುತ್ತದೆ. "ಬಾ, ನಿನ್ ಜಾಗ ಹಾಗೇ ಐತಿ" ಅನ್ನಿ. ಅದು ಕಂಡು ಬಂದ ಕಬ್ಬಿನ ಗದ್ದೆ, ಕಾಫಿ ತೋಟ, ಎತ್ತರದ ಕಟ್ಟಡಗಳ ಬಗ್ಗೆ ತರಗತಿಗೆ ಹೇಳಲಿ. ಕಳೆದುಕೊಂಡದ್ದು ಬಹಳವಿದೆ, ಕಂಡದ್ದನ್ನಾದರೂ ಶಾಲೆ ಗೌರವಿಸಲಿ.

ಉಳಿದ ಗೈರುಹಾಜರಿಗೂ ಒಂದೊಂದು ಕ್ರಮವಿದೆ. ಮಾಘದಲ್ಲಿ ಕೊಟ್ಟೂರು ತೇರು, ಭಾರತ ಹುಣ್ಣಿಮೆಗೆ ಮೈಲಾರದ ಕಾರಣಿಕ, ಫಾಲ್ಗುಣದಲ್ಲಿ ನಾಯಕನಹಟ್ಟಿ ಜಾತ್ರೆ. ಪಾದಯಾತ್ರೆ ಹೊರಟ ಮನೆಯ ಮಗುವನ್ನು ತರಗತಿಯಲ್ಲಿ ಹಿಡಿದಿಡಲು ಹೆಣಗಬೇಡಿ. ಘಟಕ ಪರೀಕ್ಷೆಯನ್ನು ಆ ದಿನಗಳಿಂದ ದೂರವಿಡಿ, ಬಂದ ಮೇಲೆ ಜಾತ್ರೆಯ ಬಗ್ಗೆ ಹತ್ತು ಸಾಲು ಬರೆಸಿ. ಶೇಂಗಾ ಕೀಳುವ ದಿನಗಳಲ್ಲಿ ಯಾರು ಬರುವುದಿಲ್ಲ, ಸಂತೆಯ ದಿನ ಯಾರು ಬರುವುದಿಲ್ಲ ಎಂದು ಒಂದು ವರ್ಷ ಬರೆದಿಟ್ಟರೆ ಎರಡನೇ ವರ್ಷ ನೀವೇ ಮುಂದಾಗಿ ಮನೆಗೆ ಹೋಗಬಲ್ಲಿರಿ.

ಹೆಣ್ಣುಮಕ್ಕಳ ಗೈರುಹಾಜರಿಯನ್ನು ಬೇರೆಯಾಗಿ ನೋಡಿ. ಏಳನೇ, ಎಂಟನೇ ತರಗತಿಯ ಹುಡುಗಿ ಪ್ರತಿ ತಿಂಗಳೂ ಕೆಲವು ದಿನ ಕಾಣುವುದಿಲ್ಲ. ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಹೊರಗಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೂ ಹುಡುಗಿ ಬರುವುದಿಲ್ಲ. ಮೊದಲನೆಯದಕ್ಕೆ ತಾಯಂದಿರ ಜೊತೆ ಶಿಕ್ಷಕಿಯರು ತಾಳ್ಮೆಯಿಂದ ಮಾತಾಡಬೇಕು. ಎರಡನೆಯದಕ್ಕೆ ಎಸ್‌ಡಿಎಂಸಿ ಸಭೆಯಲ್ಲಿ ನೀವೇ ಗಟ್ಟಿಯಾಗಿ ಕೇಳಬೇಕು. ಇನ್ನೊಂದು ಮಾತು. ಚುರುಕಾಗಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ಮಂಕಾದರೆ, ಮನೆಯವರು ಟಿಸಿ ಕೇಳಲು ಬಂದರೆ ಎಚ್ಚರವಾಗಿ. ಹದಿನೆಂಟು ತುಂಬದವಳ ಮದುವೆ ಅಪರಾಧ. ಗೆಳತಿಯರಿಗೆ ಸುದ್ದಿ ಮೊದಲು ಗೊತ್ತಿರುತ್ತದೆ. ಮುಖ್ಯ ಗುರುಗಳಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಊರಿನವರ ಮುನಿಸು ನಾಲ್ಕು ದಿನದ್ದು, ಆ ಹುಡುಗಿಯ ಬದುಕು ದೊಡ್ಡದು.

ತಂದೆಯ ಹೆಸರು ಕೇಳುವಾಗ

ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. ಆದರೂ ಆ ಪದ್ಧತಿಗೆ ಸಿಕ್ಕಿ ನಲುಗಿದ ತಾಯಂದಿರು ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ. ತುಂಬಿದ ತರಗತಿಯಲ್ಲಿ ಎಲ್ಲರನ್ನೂ ನಿಲ್ಲಿಸಿ "ಅಪ್ಪನ ಹೆಸರು ಹೇಳು, ಅಪ್ಪ ಏನು ಕೆಲಸ ಮಾಡ್ತಾನೆ ಹೇಳು" ಎಂದು ಕೇಳುವ ಪರಿಪಾಠ ಬಹಳ ಶಾಲೆಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಹೇಳಲು ಹೆಸರಿಲ್ಲದ ಮಗು ಆ ಒಂದು ಗಳಿಗೆಯನ್ನು ಸಾಯುವವರೆಗೂ ಮರೆಯುವುದಿಲ್ಲ. ಅಪ್ಪ ತೀರಿಕೊಂಡ ಮಗು, ಅಪ್ಪ ಬಿಟ್ಟುಹೋದ ಮಗು, ಕುಡಿದು ಬಿದ್ದಿರುವ ಅಪ್ಪನ ಮಗು ಎಲ್ಲರ ಪಾಡೂ ಅದೇ.

ಮಾಹಿತಿ ಬೇಕಿದ್ದರೆ ದಾಖಲೆ ನೋಡಿ, ಇಲ್ಲವೇ ತಾಯಿಯನ್ನು ಒಂಟಿಯಾಗಿ ಕರೆದು ಕೇಳಿ. ಅರ್ಜಿ ತುಂಬುವಾಗ ತೊಡಕು ಬಂದರೆ ಮುಖ್ಯ ಗುರುಗಳು ಮತ್ತು ನೀವು ಕೂತು ಬಗೆಹರಿಸಿ, ಮಗುವನ್ನು ಅದರೊಳಗೆ ಎಳೆಯಬೇಡಿ. ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ಜಾತಿ ಹಿಡಿದು ಮಕ್ಕಳನ್ನು ಎದ್ದು ನಿಲ್ಲಿಸುವುದೂ ಇದೇ ತರಹದ ಗಾಯ. ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆಯಿರಿ, ಅಷ್ಟೇ ಸಾಕು.

ಬೆತ್ತವಿಲ್ಲದ ತರಗತಿ

ಗದ್ದಲ ಹೊಸ ಮೇಷ್ಟ್ರಿಗೆ ಎದುರಾಗುವ ದೊಡ್ಡ ಪರೀಕ್ಷೆ. ಪಕ್ಕದ ಕೋಣೆಯ ಹಿರಿಯರು ಬಂದು ಒಮ್ಮೆ ಗದರಿದರೆ ತರಗತಿ ತಣ್ಣಗಾಗುತ್ತದೆ, ನೀವು ಕೂಗಿದರೆ ಇನ್ನೂ ಏರುತ್ತದೆ. ಆಗ ಕೈ ಬೆತ್ತದ ಕಡೆ ಹೋಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಶಿಕ್ಷಕರ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ಮೂಲ ತೋರಿಸಿದ್ದಾರೆ. ಮೇಷ್ಟ್ರಾಗುವವರು ಬಾಲ್ಯದಿಂದಲೇ ಸಾವಿರಾರು ಗಂಟೆ ಮೇಷ್ಟ್ರುಗಳನ್ನು ನೋಡುತ್ತಾ ಬೆಳೆದಿರುತ್ತಾರೆ. ಇಕ್ಕಟ್ಟು ಬಂದಾಗ ತರಬೇತಿಯಲ್ಲಿ ಕಲಿತದ್ದು ಮರೆತು ಆ ನೋಡಿದ್ದೇ ಹೊರಬರುತ್ತದೆ. ನಿಮ್ಮ ಬೆನ್ನಿಗೆ ಬಿದ್ದ ಬೆತ್ತ ನಿಮ್ಮ ಕೈಗೆ ಬರುವುದು ಹೀಗೆ. ಅದು ನಿಮ್ಮ ತಲೆಮಾರಿಗೇ ನಿಲ್ಲಲಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಇರಲಿ, ಇಲ್ಲದಿರಲಿ, ಹೊಡೆಸಿಕೊಂಡ ಮಗು ಪಾಠ ಬಿಟ್ಟು ಮೇಷ್ಟ್ರ ಕೈಯನ್ನೇ ನೋಡುತ್ತಾ ಕೂರುತ್ತದೆ.

ವಕೀಲಿಕೆ ಬಿಟ್ಟು ಗುಜರಾತಿನ ಭಾವನಗರದಲ್ಲಿ ಮಕ್ಕಳ ಶಾಲೆ ನಡೆಸಿದ ಗಿಜುಭಾಯಿ ಬಧೇಕಾ ಬರೆದ 'ದಿವಾಸ್ವಪ್ನ'ವನ್ನು ನಿಮ್ಮ ಮೊದಲ ವರ್ಷದಲ್ಲೇ ಓದಿ. ಅದರಲ್ಲಿ ಲಕ್ಷ್ಮೀರಾಮ ಎಂಬ ಮೇಷ್ಟ್ರು ನಾಲ್ಕನೇ ತರಗತಿಯನ್ನು ಒಂದು ವರ್ಷ ತೆಗೆದುಕೊಳ್ಳುತ್ತಾನೆ. ಮೊದಲ ದಿನ ಶಾಂತಿಯ ಆಟ ಆಡಿಸಲು ಹೋಗಿ ತರಗತಿ ಗದ್ದಲವಾಗಿ ಸೋಲುತ್ತಾನೆ. ಮರುದಿನ ಕಥೆ ಶುರು ಮಾಡುತ್ತಾನೆ. ಮಕ್ಕಳು ಅಲುಗದೆ ಕೂರುತ್ತಾರೆ. ಹೊಸ ಮೇಷ್ಟ್ರ ಮೊದಲ ದಿನಗಳ ಕಥೆ ಎಲ್ಲಾದರೂ ಇಷ್ಟೇ. ಸೋತದ್ದಕ್ಕೆ ಮಕ್ಕಳನ್ನು ದೂರದೆ ಮರುದಿನ ಬೇರೆ ದಾರಿ ಹಿಡಿದವನು ಗೆಲ್ಲುತ್ತಾನೆ.

ಕೈಗೆ ಹತ್ತುವ ಕೆಲವು ಮಾತು ಹೇಳುತ್ತೇನೆ. ಮಕ್ಕಳು ಒಳಗೆ ಬರುವ ಮುಂಚೆಯೇ ಬೋರ್ಡಿನ ಮೇಲೆ ಮಾಡಬೇಕಾದ ಕೆಲಸ ಬರೆದಿರಲಿ; ಗದ್ದಲ ಹುಟ್ಟುವುದು ಕೆಲಸವಿಲ್ಲದ ಮೊದಲ ಐದು ನಿಮಿಷದಲ್ಲಿ. ದನಿ ಏರಿಸುವ ಬದಲು ತಗ್ಗಿಸಿ, ಗಲಾಟೆ ಮಾಡುವವನ ಪಕ್ಕಕ್ಕೆ ಹೋಗಿ ನಿಂತು ಪಾಠ ಮುಂದುವರಿಸಿ. ಬೈಯಬೇಕಾದ್ದನ್ನು ಒಂಟಿಯಾಗಿ ಹೇಳಿ, ಹೊಗಳಬೇಕಾದ್ದನ್ನು ಎಲ್ಲರ ಮುಂದೆ ಹೇಳಿ. ಇಡೀ ತರಗತಿಗೆ ಶಿಕ್ಷೆ ಎಂದಿಗೂ ಬೇಡ. ಹೇಳಿದ ಮಾತನ್ನು ನಡೆಸಿ. ಶನಿವಾರ ಆಟ ಆಡಿಸುತ್ತೇನೆ ಎಂದರೆ ಆಡಿಸಲೇಬೇಕು.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತು ಧ್ವನಿಮುದ್ರಿಸಿ ಕೇಳಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮನೆಮಾತಿನಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರಿಸಬೇಕಾದ ತಾಂಡಾದ ಮಗುವಿಗೆ ಆ ಮೂರು ಸೆಕೆಂಡು ಎಷ್ಟು ದೊಡ್ಡದೆಂದು ಯೋಚಿಸಿ.

ಓದಲು ಬಾರದೆ ಐದಕ್ಕೆ ಬಂದವರು

ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ 'ಅಸರ್' ಸಮೀಕ್ಷೆಗಳು ಮತ್ತೆ ಮತ್ತೆ ಒಂದು ಸಂಗತಿ ಹೇಳುತ್ತಿವೆ. ಹಳ್ಳಿಗಳ ಐದನೇ ತರಗತಿಯ ಬಹಳಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು. ನಿಮ್ಮ ತರಗತಿಯೂ ಅದಕ್ಕೆ ಹೊರತಾಗಿರಲಿಕ್ಕಿಲ್ಲ. ಅಂಥ ತರಗತಿಯಲ್ಲಿ ನಿಂತು ಪಠ್ಯ ಮುಗಿಸುತ್ತಾ ಹೋದರೆ ಪುಸ್ತಕ ಮುಗಿಯುತ್ತದೆ, ಮಗು ಅಲ್ಲೇ ಉಳಿಯುತ್ತದೆ.

ಜೂನ್ ಮುಗಿಯುವುದರೊಳಗೆ ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಓದಿಸಿ. ಅಕ್ಷರದಲ್ಲೇ ನಿಂತವರು ಯಾರು, ಪದ ಓದುವವರು ಯಾರು, ಒತ್ತಕ್ಷರ ಬಂದಾಗ ನಿಲ್ಲುವವರು ಯಾರು, ಓದಿಯೂ ಅರ್ಥವಾಗದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ದಿನಕ್ಕೊಂದು ಅವಧಿಯಾದರೂ ತರಗತಿಯ ಅಂಕೆ ಮರೆತು ಈ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸಿ. ಮಗು ಬಾಯಲ್ಲಿ ಹೇಳಿದ ಮಾತನ್ನೇ ಬೋರ್ಡಿನ ಮೇಲೆ ಬರೆದು ಓದಿಸಿ. ತಾನೇ ಆಡಿದ ವಾಕ್ಯವನ್ನು ಓದುವುದು ಮಗುವಿಗೆ ಬೇಗ ಹತ್ತುತ್ತದೆ. ದೊಡ್ಡ ಹುಡುಗನನ್ನು ಒಂದನೇ ತರಗತಿಯ ಮಕ್ಕಳ ಸಾಲಿನಲ್ಲಿ ಕೂರಿಸಿ ಮಾನ ಕಳೆಯಬೇಡಿ.

ಇಬ್ಬರೇ ಶಿಕ್ಷಕರು, ಐದು ತರಗತಿಗಳು ಎಂದು ಎದೆಗುಂದಬೇಡಿ. ಇಂದು ನೀವು ಬಳಸುವ ನಲಿ-ಕಲಿ ಹುಟ್ಟಿದ್ದು ಇಂಥದೇ ಶಾಲೆಗಳ ಕಷ್ಟದಿಂದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಮ್ಮದೇ ಕಾರ್ಡು, ಕಲಿಕಾ ಏಣಿ ರೂಪಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದನ್ನು ಕಟ್ಟಿದವರು ನಿಮ್ಮಂಥ ಹಳ್ಳಿಯ ಮೇಷ್ಟ್ರುಗಳು. ಹಾಗಾಗಿ ಮೇಲಿನಿಂದ ಬಂದದ್ದನ್ನು ಹಾಗೆಯೇ ಒಪ್ಪಿಸುವುದು ನಿಮ್ಮ ಕೆಲಸ ಎಂದುಕೊಳ್ಳಬೇಡಿ. ನಿಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು ಬರೆಯುವ ಹಕ್ಕು, ಬುದ್ಧಿ ಎರಡೂ ನಿಮಗಿವೆ.

ಊರೇ ಪಠ್ಯ

ಮಗುವಿಗೆ ಗೊತ್ತಿರುವುದರಿಂದ ಪಾಠ ಶುರು ಮಾಡಿ. ಲೆಕ್ಕಕ್ಕೆ ಶೇಂಗಾ ಚೀಲ, ಬೀಜದ ಬೆಲೆ, ಕೂಲಿಯ ಹಣ ಇದೆ. ವಿಜ್ಞಾನಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಇದೆ; ದೂರದೇಶದ ಹಕ್ಕಿಗಳು ಬರುವ ಆ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿ ಸೇರಿದೆ. ಗುಡೇಕೋಟೆಯ ಕರಡಿಧಾಮವಿದೆ, ಕರಡಿ ಕಂಡ ಕಥೆ ಪ್ರತಿ ಹಟ್ಟಿಯಲ್ಲೂ ಸಿಗುತ್ತದೆ. ಹಡಗಲಿಯ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಬೆಳೆ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಕನ್ನಡ ನಾಡನ್ನೆಲ್ಲ ನಗಿಸಿದ ಬೀchi ಅವರನ್ನು ಮಕ್ಕಳಿಗೆ ಪರಿಚಯಿಸುವಾಗ ಅವರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು ಎಂದು ಹೇಳಲು ಮರೆಯಬೇಡಿ.

ಸಮಾಜ ವಿಜ್ಞಾನಕ್ಕಂತೂ ಮನೆಯ ಅಜ್ಜನೇ ಸಾಕು. ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಆಮೇಲೆ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 2021ರಿಂದ ವಿಜಯನಗರ ಜಿಲ್ಲೆ. ಹರಪನಹಳ್ಳಿಯಾದರೆ ನಡುವೆ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತ್ತು. ಒಂದೇ ಮನೆಯಲ್ಲಿ, ಒಂದೇ ಜಾಗದಲ್ಲಿ ಅಜ್ಜ ಮದ್ರಾಸಿನವನು, ಅಪ್ಪ ಬಳ್ಳಾರಿಯವನು, ಮಗು ವಿಜಯನಗರದ್ದು. ಅಜ್ಜನನ್ನು ಕೇಳಿ ಬರೆದುಕೊಂಡು ಬಾ ಎಂದು ಕಳಿಸಿ ನೋಡಿ. ಓದಲು ಬಾರದ ಅಜ್ಜನೂ ಅಂದು ಶಾಲೆಯ ಪಾಠ ಮಾಡಿದಂತಾಗುತ್ತದೆ.

ಊಟದ ಹೊತ್ತು

ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ಅಂದಿನ ಬಳ್ಳಾರಿಯೂ ಒಂದು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿಗೆ ಹೋಗಿ ಡಬ್ಬಿ ಬಿಚ್ಚಬೇಡಿ, ಮಕ್ಕಳ ಸಾಲಿನಲ್ಲಿ ಕೂತು ಅದೇ ಅನ್ನ ಸಾರು ಉಣ್ಣಿ. ಎರಡನೇ ಸಲ, ಮೂರನೇ ಸಲ ಕೇಳುವ ಮಗು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದೆ ಎಂದು ಅಲ್ಲೇ ತಿಳಿಯುತ್ತದೆ. ಮೊದಲ ಅವಧಿಯಲ್ಲಿ ಅದು ತೂಕಡಿಸಿದ್ದು ಯಾಕೆಂದೂ ತಿಳಿಯುತ್ತದೆ. ಯಾರು ಯಾರ ಪಕ್ಕ ಕೂರುವುದಿಲ್ಲ ಎಂಬುದೂ ಕಾಣುತ್ತದೆ. ಆ ಅಂತರವನ್ನು ಭಾಷಣದಿಂದ ಅಳಿಸಲಾಗದು. ನೀವು ದಿನಕ್ಕೊಂದು ಸಾಲಿನಲ್ಲಿ, ದಿನಕ್ಕೊಂದು ಮಗುವಿನ ಪಕ್ಕದಲ್ಲಿ ಕೂತು ಉಂಡರೆ ಮಕ್ಕಳು ನೋಡಿ ಕಲಿಯುತ್ತಾರೆ. ಅಡುಗೆಯ ತಾಯಂದಿರಿಗೆ ಪ್ರತಿ ಮನೆಯ ಸಂಗತಿ ಗೊತ್ತು. ಅವರನ್ನು ಅಕ್ಕಾ ಎಂದು ಕರೆದು ಮಾತಾಡಿಸಿ.

ಕೊನೆಯದಾಗಿ

ಆ್ಯಪ್‌ಗೆ ಮಾಹಿತಿ ತುಂಬುವುದು, ಸಮೀಕ್ಷೆ, ಚುನಾವಣೆ ಕೆಲಸ ನಿಮ್ಮ ಹೊತ್ತು ತಿನ್ನುತ್ತವೆ. ಕಾಗದದ ಕೆಲಸವನ್ನು ಮಕ್ಕಳು ಮನೆಗೆ ಹೋದ ಮೇಲೆ ಮಾಡಿ, ಪಾಠದ ಹೊತ್ತನ್ನು ಅದಕ್ಕೆ ಕೊಡಬೇಡಿ. ಹಿರಿಯ ಸಹೋದ್ಯೋಗಿ "ಈ ಮಕ್ಳು ಇಷ್ಟೇ, ಸುಮ್ನಿರು" ಎಂದರೆ ವಾದಕ್ಕೆ ಇಳಿಯಬೇಡಿ. ಅವರಿಗೆ ಊರಿನ ಬಗ್ಗೆ ತಿಳಿದಿರುವುದನ್ನು ಕೇಳಿ ತಿಳಿಯಿರಿ, ಅವರ ನಿರಾಶೆಯನ್ನು ಮಾತ್ರ ತೆಗೆದುಕೊಳ್ಳಬೇಡಿ. ಕಡಿಮೆ ಗೌರವಧನಕ್ಕೆ ನಿಮ್ಮಷ್ಟೇ ದುಡಿಯುವ ಅತಿಥಿ ಶಿಕ್ಷಕರನ್ನು ಸಮಾನರಂತೆ ಕಾಣಿರಿ.

ವರ್ಗಾವಣೆ ಬಂದೇ ಬರುತ್ತದೆ. ಹೋಗುವುದು ತಪ್ಪಲ್ಲ. ಹೋಗುವಾಗ ನಿಮ್ಮ ನಂತರ ಬರುವವರಿಗಾಗಿ ಒಂದು ಪುಸ್ತಕ ಬಿಟ್ಟು ಹೋಗಿ: ಯಾವ ಮಗು ಎಲ್ಲಿಯವರೆಗೆ ಓದುತ್ತದೆ, ಯಾವ ಮನೆ ಯಾವಾಗ ಗುಳೆ ಹೋಗುತ್ತದೆ, ಯಾರಿಗೆ ಕಣ್ಣು ಮಂಜು, ಯಾರನ್ನು ಯಾವ ಮಾತು ನೋಯಿಸುತ್ತದೆ. ನೀವು ಎರಡು ವರ್ಷ ಅಲೆದು ತಿಳಿದದ್ದು ಅವರಿಗೆ ಮೊದಲ ದಿನವೇ ಸಿಗಲಿ.

ನನ್ನದೊಂದು ಬೇಡಿಕೆ. ನಾಳೆ ಹಾಜರಿ ಪುಸ್ತಕ ತೆರೆದಾಗ ಈ ತಿಂಗಳು ಹೆಚ್ಚು ದಿನ ತಪ್ಪಿಸಿಕೊಂಡ ಮೂರು ಮಕ್ಕಳ ಹೆಸರು ಗುರುತು ಮಾಡಿಕೊಳ್ಳಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತುವ ಮುಂಚೆ ಆ ಮೂರು ಮನೆಗಳಿಗೆ ಹೋಗಿ ಬನ್ನಿ.